ಇನ್ನೂರಿಪ್ಪತ್ತು ವ್ಯಾಟ್

ಫೆಬ್ರವರಿ 6

ದೊಡ್ಡಪ್ಪಾ,

ಇಲ್ಲಿ ನಾನು ಚೆನ್ನಾಗಿದ್ದೇನೆ, ನನ್ನ ಕಂಪ್ಯೂಟರ್ ಚೆನ್ನಾಗಿಲ್ಲ. ಅಪ್ಪ ಹೋದ ಮೇಲೆ ಮೂರು ವರ್ಷದಿಂದ ನೀವು ತಿಂಗಳಿಗೊಂದು ಕಾಗದ ಹಾಕುತ್ತೀರಿ, ನಾನು ಎರಡು ಸಾಲು ಗೀಚಿ ಕೈತೊಳೆದುಕೊಳ್ಳುತ್ತೇನೆ. ಇವತ್ತು ಉದ್ದ ಬರೆಯುತ್ತಿರುವುದು ಪ್ರೀತಿ ಉಕ್ಕಿ ಅಲ್ಲ, ಕೆಲಸ ಬಿದ್ದು. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಮುಖ ಊದಿಸಿಕೊಳ್ಳಬೇಡಿ. ಅಮ್ಮನಿಗೆ ಫೋನಿನಲ್ಲಿ ನನ್ನ ಗೋಳು ತೋಡಿಕೊಂಡೆ. "ಕರೆಂಟಿನ ವಿಷಯಾನಾ? ನಿನ್ನ ದೊಡ್ಡಪ್ಪನ್ನ ಕೇಳು. ಅವರು ಹೇಳಿದ ಮೇಲೆ ಎದುರು ಮಾತಾಡ್ಬೇಡ" ಅಂದಳು. ಮೂವತ್ತು ವರ್ಷ ಮೀಟರ್ ಇನ್‌ಸ್ಪೆಕ್ಟರ್ ಆಗಿದ್ದವರು ನೀವು. ಕಿವಿ ಕೇಳಿಸದವರಿಗೆ ಫೋನ್ ಮಾಡಿ ಏನು ಸುಖ, ಅದಕ್ಕೇ ಈ ಕಾಗದ.

ವಿಷಯ ಇದು. ಸ್ಟುಡಿಯೋದಲ್ಲಿ ಬೇರೆಯವರ ಗೊಂಬೆಗಳನ್ನು ಕುಣಿಸಿ ಕುಣಿಸಿ ಸಾಕಾಗಿ, ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು ನನ್ನದೇ ಒಂದು ಅನಿಮೇಶನ್ ಸಿನಿಮಾ ಮಾಡಿದ್ದೇನೆ. ಹನ್ನೊಂದು ನಿಮಿಷದ್ದು. ಮಾತೇ ಇಲ್ಲ, ಹಾಗಾಗಿ ನೀವೂ ನೋಡಬಹುದು. ಗೊಂಬೆ, ಬೀದಿ, ಬೆಳಕು ಎಲ್ಲವೂ ಕಂಪ್ಯೂಟರಿನೊಳಗೆ ತಯಾರಾಗಿ ಕೂತಿವೆ. ಈಗ ಅವನ್ನು ಒಂದೊಂದೇ ಚಿತ್ರವಾಗಿ ಹೊರಗೆ ತೆಗೆಯಬೇಕು. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ, ಒಟ್ಟು ಹದಿನೈದು ಸಾವಿರದ ಎಂಟುನೂರ ನಲವತ್ತು. ಈ ಕೆಲಸ ಮಾಡುವುದು ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡು. ನನ್ನದು ಇನ್ನೊಬ್ಬರು ಬಳಸಿ ಬಿಟ್ಟದ್ದು. ಒಂದು ಚಿತ್ರಕ್ಕೆ ನಾಲ್ಕು ನಿಮಿಷ ಹಿಡಿಯುತ್ತದೆ. ಒಂದು ಗಳಿಗೆಯೂ ನಿಲ್ಲಿಸದೆ ಓಡಿಸಿದರೂ ನಲವತ್ನಾಲ್ಕು ದಿನ. ಸ್ಪರ್ಧೆಗೆ ಕಳಿಸಲು ಕಡೆಯ ದಿನ ಮಾರ್ಚ್ ಇಪ್ಪತ್ತು, ಅಂದರೆ ಉಳಿದಿರುವುದು ನಲವತ್ತೆರಡು. ಅದರಲ್ಲೂ ಒಂದು ದಿನ ಸದ್ದು ಸೇರಿಸಿ ಜೋಡಿಸಲು ಬೇಕು. ವಯಸ್ಸು ಮೂವತ್ತು ದಾಟದವರಿಗೆ ಮಾತ್ರ ಅವಕಾಶ. ಏಪ್ರಿಲ್ ಬಂದರೆ ನನಗೆ ಮೂವತ್ತೊಂದು. ಇದು ತಪ್ಪಿದರೆ ನಾನು ಜನ್ಮವಿಡೀ ಬೇರೆಯವರ ಗೊಂಬೆಗಳನ್ನೇ ಕುಣಿಸುತ್ತಿರಬೇಕು.

ಕಾರ್ಡು ಕೆಲಸ ಮಾಡುವ ವೇಗವನ್ನು ಕ್ಲಾಕ್ ಅನ್ನುತ್ತಾರೆ. ಕಂಪನಿ ಇಟ್ಟದ್ದಕ್ಕಿಂತ ಅದನ್ನು ಏರಿಸುವುದೇ ಓವರ್‌ಕ್ಲಾಕ್. ಎಲ್ಲರೂ ಮಾಡುವ ಹಾಗೆ ನಾನೂ ವೋಲ್ಟೇಜ್ ಏರಿಸಿ ಕ್ಲಾಕನ್ನು ಎರಡು ಸಾವಿರಕ್ಕೆ ಇಟ್ಟೆ. ಪರದೆಯ ಮೇಲೆ ಎರಡು ಸಾವಿರ ಅಂತ ಬರುತ್ತದೆ, ಎರಡು ನಿಮಿಷವಾದ ಮೇಲೆ ಜಾರಿಬಿಡುತ್ತದೆ. ಚಿತ್ರಕ್ಕೆ ಅದೇ ನಾಲ್ಕು ನಿಮಿಷ! ಸ್ಟುಡಿಯೋದವರು "ಪವರ್ ಲಿಮಿಟ್ ಇದೆ, ಇನ್ನೂರಿಪ್ಪತ್ತು ವ್ಯಾಟ್ ಮೀರಕ್ಕೆ ಬಿಡಲ್ಲ" ಅಂದರು. ಇದನ್ನು ಯಾರು ಇಟ್ಟದ್ದು, ಯಾಕೆ, ದಾಟುವುದು ಹೇಗೆ? ಸಿನಿಮಾ ಯಾವುದರ ಬಗ್ಗೆ ಎಂದು ಮಾತ್ರ ಕೇಳಬೇಡಿ. ಒಂದು ಬೀದಿಯ ಕತೆ, ಅಷ್ಟೆ.

ಚೂಟಿ


ಫೆಬ್ರವರಿ 11

ಚೂಟಿ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮೂರು ಸಲ ವಿಷಯಕ್ಕೆ, ಒಂದು ಸಲ ಅದರ ಉದ್ದಕ್ಕೆ. ಕೆಲಸ ಬಿದ್ದು ಬರೆದೆ ಅಂದಿದ್ದೀಯ. ನಾನು ಮೂವತ್ತು ವರ್ಷ ಕರೆಯದೆಯೇ ಜನರ ಮನೆಗೆ ನುಗ್ಗಿದವನು. ಕೆಲಸ ಬಿದ್ದು ಕರೆದವರೇ ನನಗೆ ನೆಂಟರು.

ಗ್ರಾಫಿಕ್ಸ್ ಕಾರ್ಡನ್ನು ನಾನು ಕಂಡವನಲ್ಲ. ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಕೊಳ್ಳುವವನಲ್ಲ, ನೋಡುವವನು ಎಂದು ಚೀಟಿ ಬರೆದು ತೋರಿಸಿದೆ. ಅಂಗಡಿಯಾತ ಒಳ್ಳೆಯವನು, ಕೆಟ್ಟುಹೋದ ಒಂದನ್ನು ಬಿಚ್ಚಿ ಕೈಗೇ ಕೊಟ್ಟ. ಅಬ್ಬಬ್ಬಾ, ಏನು ಕುಸುರಿ! ನನ್ನ ಭೂತಗನ್ನಡಿಗೂ ಸಿಕ್ಕದಷ್ಟು ಸಣ್ಣ ಸಣ್ಣ ಬೆಸುಗೆ. ಕರೆಂಟು ಬರುವ ಪ್ಲಗ್ಗು, ಅದರ ಎಂಟು ಪಿನ್ನು, ತಂತಿಯ ದಪ್ಪ ಎಲ್ಲ ನೋಡಿಕೊಂಡು ಬಂದೆ. ತಂತಿಯ ದಪ್ಪ ನೋಡದೆ ನಾನು ಯಾರಿಗೂ ಉತ್ತರ ಹೇಳಿದವನಲ್ಲ.

ದಾಟುವುದು ಹೇಗೆ ಅಂತ ಕೇಳಿದ್ದೀಯ. ದಾಟುವ ಮಾತು ಆಮೇಲೆ. ಮೊದಲು ಅದು ಎಲ್ಲಿ ನಿಲ್ಲುತ್ತಿದೆ, ಯಾಕೆ ನಿಲ್ಲುತ್ತಿದೆ ಗೊತ್ತಾಗಬೇಕು. ಇದರ ಜೊತೆ ಗೆರೆ ಹೊಡೆದ ಹತ್ತು ಶೀಟು ಇಟ್ಟಿದ್ದೇನೆ. ಏಳು ಕಲಂ: ಗಂಟೆ, ವ್ಯಾಟ್, ವೋಲ್ಟೇಜ್, ಕ್ಲಾಕ್, ಕಾವು, ಒಂದು ಚಿತ್ರಕ್ಕೆ ಹಿಡಿದ ಹೊತ್ತು, ಕೆಟ್ಟ ಚಿತ್ರ. ಎಚ್ಚರವಿರುವಾಗ ಹತ್ತು ನಿಮಿಷಕ್ಕೊಮ್ಮೆ ಬರಿ. ಯಾವ ಮನೆಯೂ ಖಾಲಿ ಬಿಡಬೇಡ. ಏನೂ ಇಲ್ಲದಿದ್ದರೆ ಸೊನ್ನೆ ಬರಿ, ಸೊನ್ನೆಯೂ ಒಂದು ರೀಡಿಂಗೇ.

ನಿನ್ನ ದೊಡ್ಡಮ್ಮ ಸ್ಲೇಟಿನ ಮೇಲೆ ಬರೆದು ಮುಖಕ್ಕೆ ಹಿಡಿದಿದ್ದಾಳೆ: "ಊಟ ಸರಿಯಾಗಿ ಮಾಡ್ತಾಳಾ ಕೇಳಿ." ಅದಕ್ಕೊಂದು ಎಂಟನೇ ಕಲಂ ಹಾಕಲೇ?

ದೊಡ್ಡಪ್ಪ


ಫೆಬ್ರವರಿ 17

ದೊಡ್ಡಪ್ಪಾ,

ನಾನು ಕೇಳಿದ್ದು ಒಂದು ಪ್ರಶ್ನೆ, ನೀವು ಕಳಿಸಿದ್ದು ಸರ್ಕಾರಿ ಕಚೇರಿ! ಕಾಗದ ಹೋಗಿ ಬರಲು ಒಂಬತ್ತು ದಿನ, ಬಂದದ್ದು ಏಳು ಕಲಂ. ಸಿಟ್ಟು ನೆತ್ತಿಗೇರಿ ಶೀಟನ್ನು ಮೂಲೆಗೆ ಎಸೆದೆ. ಆಮೇಲೆ ಅಮ್ಮನ ಮಾತು ನೆನಪಾಗಿ ಎತ್ತಿಕೊಂಡು ಬಂದು ಎರಡು ದಿನ ತುಂಬಿಸಿದ್ದೇನೆ.

ತುಂಬಿಸುವಾಗ ಒಂದು ತಮಾಷೆ ಕಂಡಿತು, ಹೇಳಿಬಿಡುತ್ತೇನೆ. ಇಷ್ಟು ದಿನ ನಾನು ಕ್ಲಾಕ್ ಒಂದನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. ಪಕ್ಕಪಕ್ಕ ಬರೆದಾಗ ವ್ಯಾಟ್ ಇನ್ನೂರಿಪ್ಪತ್ತು ಮುಟ್ಟಿದ ಸಾಲಿನಲ್ಲೇ ಕ್ಲಾಕ್ ಸಾವಿರದ ಏಳುನೂರಕ್ಕೆ ಬಿದ್ದದ್ದು ಕಂಡಿತು. ಪ್ರತಿ ಸಲವೂ! ನಾನು ಮೇಲಕ್ಕೆ ತಳ್ಳುತ್ತೇನೆ, ಅದು ಕೆಳಕ್ಕೆ ತಳ್ಳುತ್ತದೆ. ನಿಮ್ಮ ಕಲಂಗೆ ಈ ಮಟ್ಟಿಗೆ ಶಹಬ್ಬಾಸ್.

ಹನ್ನೊಂದು ದಿನ ಕಳೆಯಿತು, ನಾಲ್ಕು ಸಾವಿರ ಚಿತ್ರವೂ ಆಗಿಲ್ಲ. ನನ್ನ ಕೋಣೆ ಎಷ್ಟು ಬಿಸಿ ಎಂದರೆ ಒಗೆದ ಬಟ್ಟೆಯನ್ನು ಕಂಪ್ಯೂಟರಿನ ಹಿಂದೆ ಹಗ್ಗ ಕಟ್ಟಿ ಒಣಗಿಸುತ್ತೇನೆ. ಬೇಗ ಬರೆಯಿರಿ. ದೊಡ್ಡಮ್ಮನಿಗೆ ಹೇಳಿ, ಊಟದ ಕಲಂನಲ್ಲಿ ಸೊನ್ನೆ ಇಲ್ಲ.

ಚೂಟಿ


ಫೆಬ್ರವರಿ 21

ಚೂಟಿ,

ಶೀಟು ಬಂತು. ಅಕ್ಷರ ಕೋಳಿ ಕೆದಕಿದ ಹಾಗಿದೆ, ಲೆಕ್ಕ ಮಾತ್ರ ಚೊಕ್ಕ. ನಾನು ಹೇಳುವ ಮೊದಲೇ ನೀನೇ ಬೆರಳಿಟ್ಟು ತೋರಿಸಿದ್ದೀಯ. ನಮ್ಮ ಇಲಾಖೆಯಲ್ಲಿ ಇದನ್ನು ಕಾಣಲು ಕೆಲವರಿಗೆ ಹತ್ತು ವರ್ಷ ಹಿಡಿಯುತ್ತಿತ್ತು. ಕೆಲವರಿಗೆ ಪಿಂಚಣಿ ಬಂದರೂ ಕಾಣಲಿಲ್ಲ.

ಈಗ ಕೇಳು. ಲೈಬ್ರರಿಯಲ್ಲಿ ಮೂರು ದಿನ ಕೂತು ಓದಿದ್ದೇನೆ. ಕಾರ್ಡು ಕುಡಿಯುವ ಕರೆಂಟು ಕ್ಲಾಕಿನ ಜೊತೆ ಏರುತ್ತದೆ, ಆದರೆ ವೋಲ್ಟೇಜಿನ ಜೊತೆ ಅದಕ್ಕಿಂತ ಜೋರಾಗಿ ಏರುತ್ತದೆ. ವೋಲ್ಟೇಜನ್ನು ನೂರಕ್ಕೆ ಹತ್ತು ಇಳಿಸಿದರೆ ಖರ್ಚು ನೂರಕ್ಕೆ ಹತ್ತೊಂಬತ್ತು ಇಳಿಯುತ್ತದೆ. ನೀನು ಏರಿಸಿದ ವೋಲ್ಟೇಜೇ ಇನ್ನೂರಿಪ್ಪತ್ತನ್ನೂ ನುಂಗಿ ಕೂತಿದೆ, ಕ್ಲಾಕಿಗೆ ಉಣ್ಣಲು ಏನೂ ಉಳಿದಿಲ್ಲ. ಹಾಗಾಗಿ ತಿರುಗುಮುರುಗು ಮಾಡಿ ನೋಡು. ವೋಲ್ಟೇಜ್ ಇಳಿಸು. ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಒಂದೊಂದು ಹೆಜ್ಜೆಗೂ ಒಂದು ಗಂಟೆ ಓಡಿಸಿ, ಕೆಟ್ಟ ಚಿತ್ರ ಬರುತ್ತದೆಯೇ ನೋಡಿ ಬರಿ. ಕೆಟ್ಟದ್ದು ಬಂದರೆ ಒಂದು ಹೆಜ್ಜೆ ಹಿಂದೆ ಬಾ. ಅಲ್ಲಿ ನಿನ್ನ ಜಾಗ.

ಕೇಳಲು ಹುಚ್ಚು ಅನ್ನಿಸುತ್ತದೆ. ಆದರೂ ಮಾಡಿ ನೋಡು.

ದೊಡ್ಡಪ್ಪ


ಫೆಬ್ರವರಿ 22

ದೊಡ್ಡಪ್ಪಾ,

ನಿಮ್ಮ ಕಾಗದ ಇನ್ನೂ ಬಂದಿಲ್ಲ, ಪರವಾಗಿಲ್ಲ. ದಾರಿ ಸಿಕ್ಕಿತು! ಸ್ವಲ್ಪ ಸೆಟ್ಟಿಂಗ್ ಬದಲಾಯಿಸಿದೆ. ಚಿತ್ರಕ್ಕೆ ಈಗ ಮೂರು ನಿಮಿಷ ಇಪ್ಪತ್ತು ಸೆಕೆಂಡು. ಕ್ಲಾಕ್ ಎರಡು ಸಾವಿರದಲ್ಲಿ ನಿಂತಿದೆ, ಬೀಳುವುದೇ ಇಲ್ಲ. ವ್ಯಾಟ್ ನೋಡಿ, ನೂರ ಐವತ್ತರಿಂದ ನೂರ ಅರವತ್ತೈದು, ಅಷ್ಟೇ. ನಿಮ್ಮ ಖುಷಿಗೆ ಎರಡು ದಿನದ ಶೀಟು ಇಟ್ಟಿದ್ದೇನೆ. ಇನ್ನು ಮೇಲೆ ಬರೆಯುವ ತಾಪತ್ರಯ ಬೇಡ ಅಂದುಕೊಂಡಿದ್ದೇನೆ. ಥ್ಯಾಂಕ್ಸ್.

ಚೂಟಿ


ಫೆಬ್ರವರಿ 26
(ಔಷಧಿ ಅಂಗಡಿಯವರ ಫೋನಿನಿಂದ ಬಂದ ಮೆಸೇಜ್)

ಕಂಪ್ಯೂಟರ್ ಆರಿಸು. ಕಾರ್ಡಿನ ಮೇಲೆ ಏನು ಬೆಸೆದಿದ್ದೀಯೋ ಅದನ್ನು ತೆಗೆ. ಕಾಗದ ಬರುತ್ತಿದೆ. ದೊಡ್ಡಪ್ಪ.


ಫೆಬ್ರವರಿ 26

ಚೂಟಿ,

ಬೆಳಿಗ್ಗೆ ಹತ್ತಕ್ಕೆ ನಿನ್ನ ಶೀಟು ಬಂತು, ಹತ್ತೂಕಾಲಿಗೆ ಔಷಧಿ ಅಂಗಡಿಗೆ ಓಡಿದೆ. ಓಡಿದೆ ಅಂದರೆ ನಿನ್ನ ದೊಡ್ಡಮ್ಮ ನಗುತ್ತಾಳೆ. ನನ್ನ ಮಟ್ಟಿಗೆ ಅದು ಓಟವೇ.

ನಿನ್ನ ಕೋಣೆ ನಾನು ನೋಡಿಲ್ಲ, ನಿನ್ನ ಕಾರ್ಡು ನೋಡಿಲ್ಲ, ಶೀಟು ನೋಡಿದೆ. ವ್ಯಾಟ್ ಇನ್ನೂರಿಪ್ಪತ್ತರಿಂದ ನೂರ ಅರವತ್ತಕ್ಕೆ ಇಳಿದಿದೆ. ಕಾವು ಎಪ್ಪತ್ನಾಲ್ಕರಿಂದ ಎಂಬತ್ತೇಳಕ್ಕೆ ಏರಿದೆ. ವೋಲ್ಟೇಜ್ ನೀನು ಏರಿಸಿದಲ್ಲೇ ಇದೆ. ಕಡಿಮೆ ಕುಡಿದು, ಹೆಚ್ಚು ದುಡಿದು, ಹೆಚ್ಚು ಕಾಯುವ ಯಂತ್ರ ಇನ್ನೂ ಹುಟ್ಟಿಲ್ಲ ಚೂಟಿ. ಮೀಟರ್ ನಿಧಾನ, ಒಲೆ ನಿಗಿನಿಗಿ ಅನ್ನುವ ಮನೆಗಳ ಬಾಗಿಲು ತಟ್ಟಿ ಮೂವತ್ತು ವರ್ಷ ಕಳೆದಿದ್ದೇನೆ. ಕಾರ್ಡು ತನ್ನ ಕರೆಂಟನ್ನು ಅಳೆಯುವ ಕಡೆ ನೀನೇನೋ ಅಡ್ಡ ಹಾಕಿದ್ದೀಯ. ಅರ್ಧ ಕರೆಂಟು ಅದರ ಕಣ್ಣು ತಪ್ಪಿಸಿ ಹೋಗುತ್ತಿದೆ. ಅದು ನೂರ ಅರವತ್ತು ಅನ್ನುವಾಗ ನಿಜ ಮುನ್ನೂರರ ಮೇಲಿದೆ. ನಾನು ನೋಡಿ ಬಂದ ಪ್ಲಗ್ಗು, ತಂತಿ ಅಷ್ಟಕ್ಕೆ ಹುಟ್ಟಿದ್ದಲ್ಲ.

ಇನ್ನೊಂದು. ಏಳನೇ ಕಲಂ, ಕೆಟ್ಟ ಚಿತ್ರದ್ದು, ಎರಡು ದಿನವೂ ಖಾಲಿ ಬಿಟ್ಟಿದ್ದೀಯ. ಸೊನ್ನೆ ಆಗಿದ್ದರೆ ನೀನು ಸೊನ್ನೆ ಬರೆಯುತ್ತಿದ್ದೆ. ಖಾಲಿ ಮನೆ ಓದುವುದೇ ನನ್ನ ಕಸುಬಾಗಿತ್ತು.

ಬೈಯುತ್ತಿಲ್ಲ. ಆರಿಸು, ತೆಗೆ, ನನ್ನ ಹಿಂದಿನ ಕಾಗದದಲ್ಲಿ ಹೇಳಿದ್ದನ್ನು ಮಾಡು.

ದೊಡ್ಡಪ್ಪ


ಫೆಬ್ರವರಿ 27

ದೊಡ್ಡಪ್ಪಾ,

ನಿಮ್ಮ ಮೆಸೇಜ್ ಬಂತು. ವೋಲ್ಟೇಜ್ ಇಳಿಸು ಅನ್ನುವ ಕಾಗದವೂ ಬಂತು. ಓಡಬೇಕಾದವನಿಗೆ ಊಟ ಕಡಿಮೆ ಹಾಕು ಅಂದ ಹಾಗಿದೆ. ಹೌದು, ಬೆಸೆದಿದ್ದೇನೆ. ಕರೆಂಟನ್ನು ಅಳೆಯುವ, ಅಕ್ಕಿಕಾಳಿನಷ್ಟಿರುವ ಎರಡು ರೆಸಿಸ್ಟರ್ ಇವೆ, ಅವುಗಳ ಬೆನ್ನ ಮೇಲೆ ಇನ್ನೆರಡನ್ನು ಕೂರಿಸಿದೆ. ಎಷ್ಟೋ ಜನ ಮಾಡುತ್ತಾರೆ. ಐದು ಚಿತ್ರಕ್ಕೊಂದು ಬಿಳಿ ಚುಕ್ಕಿ ಬಿದ್ದು ಕೆಡುತ್ತಿದೆ, ಅದನ್ನು ಮತ್ತೆ ತೆಗೆಯುತ್ತೇನೆ. ಸಮಾಧಾನವಾಯಿತೇ? ಮುನ್ನೂರು ಕಿಲೋಮೀಟರ್ ಆಚೆ ಕೂತು ಹೇಗೆ ಕಂಡುಹಿಡಿದಿರೋ ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

"ಆರಿಸು, ತೆಗೆ." ನಿಮಗೆ ಬರುವುದು ಇದೊಂದೇ ತಾನೆ? ಹೇಳಿಯೇಬಿಡುತ್ತೇನೆ. ಸಿನಿಮಾ ನಿಮ್ಮ ಬಗ್ಗೆ. ನನಗೆ ಆಗ ಒಂಬತ್ತು ವರ್ಷ. ಅಪ್ಪನ ಮರಗೆಲಸದ ಶೆಡ್ಡು, ಹೊಸ ಲೇತ್ ಮೆಶಿನ್ನು, ಶಾಲೆಗೆ ಇನ್ನೂರು ಬೆಂಚಿನ ಆರ್ಡರು. ಅಪ್ಪ ನಿದ್ದೆಗೆಟ್ಟು ದುಡಿಯುತ್ತಿದ್ದ. ಒಂದು ದಿನ ಮಧ್ಯಾಹ್ನ ನೀವು ಬಂದಿರಿ, ಬೀದಿಯವರೆಲ್ಲ ನೋಡುತ್ತಿದ್ದ ಹಾಗೆ ನೀವೇ ಕಂಬ ಹತ್ತಿ ಸ್ವಂತ ತಮ್ಮನ ಲೈನು ಕತ್ತರಿಸಿದಿರಿ. ಲೇತ್ ಸುತ್ತಿ ಸುತ್ತಿ ನಿಂತ ಸದ್ದು ನನಗಿನ್ನೂ ಕೇಳಿಸುತ್ತದೆ. ಅಪ್ಪ ಕೈಯಲ್ಲಿ ಉಳಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅವತ್ತಿನಿಂದ ಸಾಯುವವರೆಗೂ ನಿಮ್ಮ ಜೊತೆ ಮಾತಾಡಲಿಲ್ಲ.

ನನ್ನ ಸಿನಿಮಾದ ಕೊನೆಯ ಎರಡು ನಿಮಿಷ ಆ ಕಂಬದ ಮೇಲಿನ ಮನುಷ್ಯ. ಮುಖ ಇಲ್ಲ, ಬರೀ ಬೂಟು. ಕಾರ್ಡು ಓಡುತ್ತಿದೆ. ನಿಲ್ಲಿಸುವುದಿಲ್ಲ.


ಮಾರ್ಚ್ 4

ಚೂಟಿ,

ಹೆಸರು ಹಾಕದೆ ಕಾಗದ ಮುಗಿಸಿದ್ದೀಯ. ಪೂರ್ತಿ ನಿನ್ನ ಅಪ್ಪನೇ, ಮೂಗಿನ ತುದಿಯಲ್ಲಿ ಕೋಪ.

ಇಪ್ಪತ್ತೊಂದು ವರ್ಷ ಯಾರಿಗೂ ಹೇಳದ್ದನ್ನು ಬರೆಯುತ್ತಿದ್ದೇನೆ. ನಿನ್ನ ಕಾರ್ಡು ಓಡುತ್ತಿರದಿದ್ದರೆ ಇವತ್ತೂ ಬರೆಯುತ್ತಿರಲಿಲ್ಲ.

ನಿನ್ನ ಅಪ್ಪನ ಶೆಡ್ಡಿಗೆ ಮಂಜೂರಾದ ಲೋಡು, ಅಂದರೆ ಎಳೆಯಬಹುದಾದ ಕರೆಂಟು, ಹಳೆಯ ಸಣ್ಣ ಲೇತಿಗೆ ಸಾಲುವಷ್ಟೇ. ಹೊಸ ಮೆಶಿನ್ನು ತಿರುಗಿಸಿದರೆ ಕಟ್‌ಔಟಿನ ಫ್ಯೂಸು ಹಾರುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಆರ್ಡರಿನ ಗಡುವು ತಲೆ ಮೇಲೆ. ಅದಕ್ಕೆ ಮೀಟರನ್ನೂ ಕಟ್‌ಔಟನ್ನೂ ಬಿಟ್ಟು ಪಕ್ಕದಿಂದ ಒಂದು ತಂತಿ ಎಳೆದುಕೊಂಡಿದ್ದ. ಕದಿಯುವುದಕ್ಕಲ್ಲ, ಕೆಲಸ ಮುಗಿಸುವುದಕ್ಕೆ. ಅವನು ಎಂದೂ ಕಳ್ಳನಲ್ಲ, ಈ ಮಾತನ್ನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ.

ನಾನು ಹೋದಾಗ ಆ ತಂತಿಯ ಮೇಲಿನ ರಬ್ಬರು ಕರಗಿ ಜೊಲ್ಲಿನ ಹಾಗೆ ಇಳಿದಿತ್ತು. ತಂತಿ ಹಾದ ಹಲಗೆಯ ಗೋಡೆ ಅಂಗೈಯಗಲ ಸುಟ್ಟು ಕರ್ರಗಾಗಿತ್ತು. ಕೈ ಇಟ್ಟೆ, ಸುಟ್ಟಿತು. ಕೆಳಗೆ ಮೊಣಕಾಲೆತ್ತರ ಮರದ ಹೊಟ್ಟು. ಆ ಹಲಗೆಯ ಆಚೆ ಏನಿತ್ತು ನಿನಗೆ ಗೊತ್ತಿರಬೇಕು. ನಿನ್ನ ಮಂಚ. ಜ್ವರ ಬಂದು ಶಾಲೆಗೆ ಹೋಗದೆ ಅವತ್ತು ನೀನು ಅದರ ಮೇಲೆ ಮಲಗಿದ್ದೆ. ಸದ್ದು ನಿಂತ ಮೇಲೆ ನೀನು ಎದ್ದು ಹೊರಗೆ ಬಂದೆ.

ಲೈನ್‌ಮನ್‌ಗೆ ಕಂಬ ಹತ್ತು ಅಂದೆ. "ನಿಮ್ಮ ತಮ್ಮನ ಮನೆ ಸಾರ್, ನನ್ನ ಕೈಲಾಗಲ್ಲ" ಅಂದ. ನಾನೇ ಹತ್ತಿದೆ. ಕೆಳಗೆ ಜನ "ಏನಯ್ಯಾ, ತಮ್ಮನ ಹೊಟ್ಟೆ ಮೇಲೆ ಹೊಡೀತೀಯಾ?" ಅಂದರು. ಆಗ ಕಿವಿ ಚೆನ್ನಾಗಿ ಕೇಳುತ್ತಿತ್ತು. ಗೋಡೆ ಸುಟ್ಟಿದೆ ನೋಡಿ ಅಂದಿದ್ದರೆ ಜನ ನನ್ನನ್ನು ಬಿಟ್ಟು ಅವನನ್ನು ಹಿಡಿಯುತ್ತಿದ್ದರು, ಮಗಳನ್ನು ಸುಡಲು ಹೊರಟವನು ಅಂತ. ಇನ್‌ಸ್ಪೆಕ್ಟರನ್ನು ಜನ ಬೈಯುತ್ತಲೇ ಇರುತ್ತಾರೆ, ಇನ್ನೊಂದು ಬೈಗುಳ ನನಗೆ ಭಾರವಲ್ಲ. ಹಾಗಾಗಿ ಸುಮ್ಮನಿದ್ದೆ. ವರದಿಯಲ್ಲೂ ಗೋಡೆಯ ಮಾತು ಬರೆಯಲಿಲ್ಲ. ನನ್ನ ನೌಕರಿಯಲ್ಲಿ ನಾನು ಖಾಲಿ ಬಿಟ್ಟ ಒಂದೇ ಕಲಂ ಅದು.

ಇನ್ನೂ ಒಂದಿದೆ, ಅದು ನನ್ನ ಪಾಲಿನದು. ಲೋಡು ಹೆಚ್ಚಿಸಿ ಎಂದು ಅವನು ಮೊದಲೇ ಅರ್ಜಿ ಹಾಕಿದ್ದ. ಅದು ಹನ್ನೊಂದು ದಿನ ನನ್ನ ಮೇಜಿನ ಮೇಲೇ ಇತ್ತು. ತಮ್ಮನದು ಅಂತ ಮೊದಲು ತೆಗೆದರೆ ಜನ ಏನಂದಾರು ಎಂದು, ಅದನ್ನು ಎತ್ತಿ ಎತ್ತಿ ಕೆಳಗಿಡುತ್ತಿದ್ದೆ. ನ್ಯಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಮೊದಲ ದಿನವೇ ಸಹಿ ಹಾಕಿದ್ದರೆ ಆ ತಂತಿಯೇ ಇರುತ್ತಿರಲಿಲ್ಲ. ಲೈನು ಕತ್ತರಿಸಿದ ಎರಡನೇ ದಿನ ಸಹಿ ಹಾಕಿ, ಹೊಸ ಮೀಟರ್ ಕೂರಿಸಿ, ಯಾರೂ ಬಿಚ್ಚದ ಹಾಗೆ ಅದಕ್ಕೆ ಸೀಸದ ಸೀಲು ನಾನೇ ಒತ್ತಿ ಬಂದೆ. ಅಷ್ಟರಲ್ಲಿ ಮಾತು ನಿಂತು ಹೋಗಿತ್ತು.

ಸಿನಿಮಾದಲ್ಲಿ ನನ್ನನ್ನು ಹೇಗೆ ಬೇಕಾದರೂ ತೋರಿಸು, ಅದು ನಿನ್ನ ಹಕ್ಕು. ಇನ್ನೂರಿಪ್ಪತ್ತರ ಗೆರೆ ನಿನ್ನನ್ನು ಕಟ್ಟಿಹಾಕಲು ಎಳೆದದ್ದಲ್ಲ, ತಂತಿಯ ದಪ್ಪ ನೋಡಿ ಎಳೆದದ್ದು. ಈ ಕಾಗದ ಕೆಳಗಿಡು, ಪ್ಲಗ್ಗನ್ನು ಮುಟ್ಟಿ ನೋಡು. ಆಮೇಲೆ ನಿನಗೆ ಬೇಕಾದ ಹಾಗೆ ಮಾಡು.

ದೊಡ್ಡಪ್ಪ


ಮಾರ್ಚ್ 9

ದೊಡ್ಡಪ್ಪಾ,

ನಿನ್ನೆ ಬೆಳಿಗ್ಗೆ ನಿಮ್ಮ ಕಾಗದ ಬಂತು. ಅದಕ್ಕಿಂತ ಹಿಂದಿನದನ್ನು ಒಡೆಯದೆಯೇ ಡ್ರಾಯರಿನಲ್ಲಿ ಹಾಕಿಟ್ಟಿದ್ದೆ. ಇದನ್ನೂ ಹಾಗೇ ಮಾಡಲು ಹೊರಟಿದ್ದೆ, ಲಕೋಟೆ ದಪ್ಪ ಇತ್ತು ಅಂತ ಒಡೆದೆ.

ಪೂರ್ತಿ ಓದುವ ಮೊದಲೇ ಎದ್ದು ಕಂಪ್ಯೂಟರ್ ಆರಿಸಿದೆ. ಪ್ಲಗ್ಗು ಮುಟ್ಟಿದೆ, ಬೆರಳು ಸುಟ್ಟಿತು. ಎಳೆದರೆ ಬರಲಿಲ್ಲ, ಅಂಟಿಕೊಂಡಿತ್ತು. ಅಲುಗಿಸಿ ಅಲುಗಿಸಿ ಕಿತ್ತೆ. ಎಂಟರಲ್ಲಿ ಎರಡು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದೆ. ಅದರ ಹಿಂದೆಯೇ, ಹಗ್ಗದ ಮೇಲೆ, ನನ್ನ ಬಟ್ಟೆ ನೇತಾಡುತ್ತಿತ್ತು. ಬಟ್ಟೆಗಳನ್ನೆಲ್ಲ ಬಾಚಿ ತೆಗೆದು ಹಗ್ಗವನ್ನೂ ಬಿಚ್ಚಿಹಾಕಿದೆ.

ಆಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಗೋಡೆಯ ವಿಷಯ ಕೇಳಿದೆ. "ಗೊತ್ತಿತ್ತು ಕಣೆ. ನಿಮ್ಮಪ್ಪ ಮಾರನೇ ದಿನ ಆ ಹಲಗೆ ಕಿತ್ತು ಬೇರೆ ಹಾಕ್ದ. ಯಾರಿಗೂ ಹೇಳ್ಬೇಡ ಅಂದ" ಅಂದಳು. ನೋಡಿ ದೊಡ್ಡಪ್ಪಾ, ಮೂರು ಜನ ದೊಡ್ಡವರು ಒಂದು ಅಂಗೈಯಗಲದ ಗುರುತನ್ನು ಇಪ್ಪತ್ತೊಂದು ವರ್ಷ ಬಾಯಿ ಬಿಡದೆ ಕಾಪಾಡಿದ್ದೀರಿ, ನಾನು ಹನ್ನೊಂದು ನಿಮಿಷದ ಸಿನಿಮಾ ಮಾಡಿ ನಿಮ್ಮ ಮರ್ಯಾದೆ ತೆಗೆಯಲು ಹೊರಟಿದ್ದೆ. ಬರೆದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಿ.

ಈಗ ಕೆಲಸದ ಮಾತು. ಬೆಸೆದದ್ದನ್ನು ಕಿತ್ತೆ. ಪ್ಲಗ್ಗನ್ನು ರಿಪೇರಿಯವರ ಹತ್ತಿರ ಬದಲಾಯಿಸಿಕೊಂಡೆ. "ಇನ್ನೆರಡು ದಿನ ಬಿಟ್ಟಿದ್ರೆ ನಿಮ್ಮ ಕಾರ್ಡಲ್ಲ, ಕೋಣೆನೇ ಇರ್ತಿರಲಿಲ್ಲ" ಅಂದರು ಅವರು. ಸಂಜೆಗೆ ಮತ್ತೆ ಹಾಕಿ, ನೀವು ಹೇಳಿದ ಹಾಗೆ ವೋಲ್ಟೇಜನ್ನು ಒಂದೊಂದೇ ಹೆಜ್ಜೆ ಇಳಿಸುತ್ತ ಬಂದೆ. ನನಗೆ ನಂಬಿಕೆಯೇ ಇರಲಿಲ್ಲ. 0.88ರಲ್ಲಿ ಚಿತ್ರ ಕೆಟ್ಟಿತು. 0.90ಕ್ಕೆ ಹಿಂದೆ ಬಂದೆ. ಇವತ್ತಿನ ಶೀಟಿನ ಸಾಲು ಇಲ್ಲೇ ಬರೆಯುತ್ತೇನೆ: ವ್ಯಾಟ್ 208, ವೋಲ್ಟೇಜ್ 0.90, ಕ್ಲಾಕ್ 1935, ಕಾವು 70, ಹೊತ್ತು 3 ನಿಮಿಷ 30, ಕೆಟ್ಟ ಚಿತ್ರ 0. ಸೊನ್ನೆ, ಖಾಲಿ ಅಲ್ಲ!

ಹಾಳುಮಾಡಿದ ಚಿತ್ರಗಳನ್ನು ಲೆಕ್ಕ ಹಾಕಿದರೆ ಆ ಹದಿನೈದು ದಿನದ ಕಳ್ಳ ಓಟದಲ್ಲಿ ನಾನು ಗಳಿಸಿದ್ದು ಏನೂ ಇಲ್ಲ. ನೀವು ಬದುಕಿನಲ್ಲಿ ಒಂದೇ ಒಂದು ಸಲ, ಅದೂ ಸತ್ತ ಕಾರ್ಡನ್ನು ಕೈಯಲ್ಲಿ ಹಿಡಿದವರು. ಏಳು ಕಲಂ ಗೆರೆ ಹೊಡೆದು, ಲೈಬ್ರರಿಯಲ್ಲಿ ಮೂರು ದಿನ ಕೂತು, ನನ್ನ ಸ್ಟುಡಿಯೋದ ಹನ್ನೆರಡು ಜನ ಪಂಡಿತರಿಗೆ ಹೊಳೆಯದ್ದನ್ನು ಅಂಚೆಯಲ್ಲಿ ಕಳಿಸಿದಿರಿ. ನಿಮ್ಮ ಆ ಶೀಟನ್ನು ಗೋಡೆಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ "ಇದು ನಮ್ಮ ದೊಡ್ಡಪ್ಪಂದು" ಅಂತ ತೋರಿಸುತ್ತಿದ್ದೇನೆ, ಜಂಬದಿಂದ.

ಕಂಬದ ಮೇಲಿನ ಆ ಎರಡು ನಿಮಿಷ ಇನ್ನೂ ಚಿತ್ರವಾಗಿರಲಿಲ್ಲ. ಅದನ್ನು ತೆಗೆದುಹಾಕಿದೆ. ಹೊಸದು ಒಂದೂವರೆ ನಿಮಿಷವೇ ಆಗುತ್ತದೆ. ಬಾಕಿ ಚಿತ್ರಗಳೆಲ್ಲ ಸೇರಿ ಈ ವೇಗದಲ್ಲಿ ಹತ್ತೂವರೆ ದಿನ. ಇನ್ನು ಮೂರು ದಿನ ಗೊಂಬೆಗೆ ಹೊಸ ನಡಿಗೆ ಕಲಿಸಬೇಕು, ಆ ಹೊತ್ತಿಗೆ ಕಾರ್ಡು ಉಳಿದ ಭಾಗ ತೆಗೆಯುತ್ತಿರುತ್ತದೆ. ಒಂದು ವಿಷಯ ಕೇಳಬೇಕು. ಕಂಬ ಇಳಿದ ಮೇಲೆ ನೀವು ಏನು ಮಾಡಿದಿರಿ? ನಾನು ಅಪ್ಪನನ್ನೇ ನೋಡುತ್ತಿದ್ದೆ, ನಿಮ್ಮನ್ನು ನೋಡಲಿಲ್ಲ. ಔಷಧಿ ಅಂಗಡಿಯವರ ಫೋನಿನಿಂದಲೇ ಹೇಳಿ, ಹೊತ್ತಿಲ್ಲ.

ಚೂಟಿ


ಮಾರ್ಚ್ 13
(ಔಷಧಿ ಅಂಗಡಿಯವರ ಫೋನಿನಿಂದ ಬಂದ ಮೆಸೇಜ್)

ಗೋಡೆ ತಣ್ಣಗಾಗುವವರೆಗೂ ಅದರ ಮೇಲೆ ಕೈ ಇಟ್ಟುಕೊಂಡು ಶೆಡ್ಡಿನೊಳಗೆ ನಿಂತಿದ್ದೆ. ಅರ್ಧ ಗಂಟೆ. ಅಷ್ಟೆ. ದೊಡ್ಡಪ್ಪ.


ಮಾರ್ಚ್ 20

ದೊಡ್ಡಪ್ಪಾ,

ಕಳಿಸಿದೆ! ಕಡೆಯ ಗಂಟೆ ಸಂಜೆ ಆರು, ನಾನು ಕಳಿಸಿದ್ದು ನಾಲ್ಕೂ ಹತ್ತು. ಕಡೆಯ ಚಿತ್ರ ನಿನ್ನೆ ಬೆಳಿಗ್ಗೆ ಮುಗಿಯಿತು. ಹನ್ನೊಂದು ದಿನದಲ್ಲಿ ಒಂದೂ ಕೆಟ್ಟಿಲ್ಲ. ಆರಿಸಿದ ಮೇಲೆ ಕಾರ್ಡಿಗೆ ಕೈ ಮುಗಿದೆ. ನಗಬೇಡಿ. ಶೀಟುಗಳನ್ನೆಲ್ಲ ಇದರ ಜೊತೆ ಇಟ್ಟಿದ್ದೇನೆ, ಏಳೂ ಕಲಂ ತುಂಬಿದೆ, ಸೊನ್ನೆಗಳನ್ನು ದುಂಡಗೆ ಬರೆದಿದ್ದೇನೆ. ನೀವು ನೋಡಿ ಸಹಿ ಹಾಕಿದರೆ ಮಾತ್ರ ನನಗೆ ಕೆಲಸ ಮುಗಿದ ಹಾಗೆ.

ಸಿನಿಮಾವನ್ನು ಔಷಧಿ ಅಂಗಡಿಯವರ ಫೋನಿಗೆ ಕಳಿಸಿದ್ದೇನೆ. ಆಯ್ಕೆಯಾಯಿತೋ ಇಲ್ಲವೋ ಮೇ ತಿಂಗಳಲ್ಲಿ ತಿಳಿಯುತ್ತದೆ. ಅವರಿಗಿಂತ ಮೊದಲು ನೀವು ನೋಡಿ.

ಚೂಟಿ


ಮಾರ್ಚ್ 26

ಚೂಟಿ,

ಔಷಧಿ ಅಂಗಡಿಯವನು ಗಿರಾಕಿಗಳನ್ನು ನಿಲ್ಲಿಸಿ, ಸ್ಟೂಲು ಹಾಕಿ, ಫೋನನ್ನು ಕೆಮ್ಮಿನ ಔಷಧಿಯ ಬಾಟಲಿಗೆ ಒರಗಿಸಿಟ್ಟ. ನಿನ್ನ ದೊಡ್ಡಮ್ಮ ನನ್ನ ಪಕ್ಕ. ಹತ್ತೂವರೆ ನಿಮಿಷ ನಾವು ಯಾರೂ ಅಲ್ಲಾಡಲಿಲ್ಲ.

ತಪ್ಪು ಮೊದಲು ಹೇಳುತ್ತೇನೆ. ಕಂಬದ ಮೇಲೆ ಹಗ್ಗವನ್ನು ಎಡಗಡೆಗೆ ಗಂಟು ಹಾಕಿಸಿದ್ದೀಯ, ನಾನು ಬಲಗಡೆಗೆ ಹಾಕುತ್ತಿದ್ದೆ. ಬೂಟಿಗೆ ಅಷ್ಟು ಹೊಳಪಿರಲಿಲ್ಲ. ಇಷ್ಟೇ. ಉಳಿದದ್ದರ ಬಗ್ಗೆ ಏನು ಬರೆಯಲಿ? ಆ ಮನುಷ್ಯ ಇಳಿದು ಬಂದು ಕತ್ತಲ ಶೆಡ್ಡಿನಲ್ಲಿ ಗೋಡೆಗೆ ಕೈ ಇಡುತ್ತಾನೆ. ಗೋಡೆಯ ಆಚೆ ಖಾಲಿ ಮಂಚ, ಬಿಸಿಲು, ಹೊರಗೆ ಓಡಿಹೋದ ಮಗು. ಆಮೇಲೆ ಬಾಗಿಲಲ್ಲಿ ಉಳಿ ಹಿಡಿದು ನಿಂತ ನನ್ನ ತಮ್ಮ. ಅವನು ನಿಲ್ಲುತ್ತಿದ್ದದ್ದು ಹಾಗೇ, ಒಂದು ಭುಜ ತಗ್ಗಿಸಿ. ನಾನೇ ಮರೆತಿದ್ದೆ. ಹದಿನೈದು ಸಾವಿರ ಚಿತ್ರ ಬರೆದು ಅವನನ್ನು ನನ್ನ ಮುಂದೆ ನಿಲ್ಲಿಸಿದೆಯಲ್ಲ, ನಿನ್ನ ಕೈಯಲ್ಲಿ ಅದೆಂಥ ವಿದ್ಯೆ ಇದೆ ಮಗಳೇ! ನಾನು ಅತ್ತೆ. ಅಂಗಡಿಯವನೂ ಅತ್ತ. ದೊಡ್ಡಮ್ಮ ಇಬ್ಬರಿಗೂ ಸ್ಲೇಟಿನಲ್ಲಿ ಬರೆದಳು: "ಸಾಕು, ಗಿರಾಕಿ ಕಾಯ್ತಿದಾರೆ."

ಇದರ ಜೊತೆ ಹತ್ತಿಯಲ್ಲಿ ಸುತ್ತಿದ ಒಂದು ಪೊಟ್ಟಣ ಇದೆ, ಜೋಪಾನವಾಗಿ ಬಿಚ್ಚು. ಸೀಸದ ಸೀಲು, ಎರಡೆಳೆ ತಂತಿ. ನಿನ್ನ ಅಪ್ಪ ಹೋದ ಮೇಲೆ ಶೆಡ್ಡಿನ ಮೀಟರ್ ಬಿಚ್ಚಲು ಇಲಾಖೆಯವರು ಬಂದಾಗ, ರಿಟೈರ್ ಆದವನಾದರೂ ನಾನು ಜೊತೆಗೆ ಹೋಗಿದ್ದೆ. ಧೂಳು ಒರೆಸಿ ನೋಡಿದೆ. ಲೈನು ಕತ್ತರಿಸಿದ ಎರಡನೇ ದಿನ ನಾನು ಇಕ್ಕಳದಿಂದ ಒತ್ತಿದ ಗುರುತು ಹಾಗೇ ಇತ್ತು, ಒಂದು ಗೀರಿಲ್ಲ. ಹದಿನೆಂಟು ವರ್ಷ, ಎಷ್ಟು ಆರ್ಡರು, ಎಷ್ಟು ಗಡುವು. ಅಷ್ಟೂ ವರ್ಷ ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಆ ಸೀಲನ್ನೂ ಮುಟ್ಟಲಿಲ್ಲ.

ಅದು ನನ್ನ ಹತ್ತಿರ ಮೂರು ವರ್ಷ ಇತ್ತು. ಇನ್ನು ನಿನ್ನ ಹತ್ತಿರ ಇರಲಿ. ಕಂಪ್ಯೂಟರಿನ ಪೆಟ್ಟಿಗೆಗೆ ಕಟ್ಟು.

ನಿನ್ನ ಶೀಟುಗಳನ್ನು ಸಾಲು ಸಾಲಾಗಿ ನೋಡಿದ್ದೇನೆ. ಎಲ್ಲ ಕಲಂ ಭರ್ತಿ ಇದೆ. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿ ವಾಪಸು ಕಳಿಸುತ್ತಿದ್ದೇನೆ. ಮೀಟರ್ ಸರಿಯಾಗಿದೆ.

ದೊಡ್ಡಪ್ಪ